ಬೋರ್ಡೊ ಮದ್ದಿನ ಮಿಯಾರ್ದೆ

ಮಳೆಗಾಲ ಸಮೀಪಿಸಿತೆಂದರೆ ನಮ್ಮ ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಮೈಲುತುತ್ತು, ಸುಣ್ಣ, ಪಂಪುಗಳದ್ದೇ ಮಾತು. ಕೊಳೆರೋಗ ಬಾರದಂತೆ ಗೊನೆಗಳಿಗೆ ಬಿಡುವ ಆ ನೀಲಿ ಮದ್ದಿಗೆ ಬೋರ್ಡೊ ದ್ರಾವಣವೆಂದು ಹೆಸರು. ಬೋರ್ಡೊ ಎಂಬುದು ಫ್ರಾನ್ಸ್ ದೇಶದ ಒಂದು ನಗರ. ಅಲ್ಲಿನವರ ಬದುಕು ಅಡಿಕೆಯಲ್ಲ, ದ್ರಾಕ್ಷಿ. ಆ ದ್ರಾಕ್ಷಿಯನ್ನು ಉಳಿಸಹೊರಟು ಈ ಮದ್ದನ್ನು ಕೊಟ್ಟವರು ಪಿಯೇರ್ ಮಾರಿ ಅಲೆಕ್ಸಿ ಮಿಯಾರ್ದೆ.

ಮಿಯಾರ್ದೆ ಜನಿಸಿದ್ದು 1838ರಲ್ಲಿ, ಫ್ರಾನ್ಸಿನ ಜೂರಾ ಸೀಮೆಯ ಹಳ್ಳಿಯೊಂದರಲ್ಲಿ. ಮೊದಲು ವೈದ್ಯಶಾಸ್ತ್ರ ಓದಿದರು. ಬಳಿಕ ಮನಸ್ಸು ಸಸ್ಯಗಳತ್ತ ಹೊರಳಿತು. ಸ್ಟ್ರಾಸ್‌ಬರ್ಗಿನಲ್ಲಿ ಅಧ್ಯಾಪಕರಾಗಿದ್ದಾಗ ಯುದ್ಧ ಬಂದು, 1871ರಲ್ಲಿ ಆ ನಗರ ಜರ್ಮನಿಯ ಪಾಲಾಯಿತು. ಗಡಿ ಸರಿದರೆ ಏನೇನಾಗುತ್ತದೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. 1872ರಲ್ಲಿ ಅವರು ನ್ಯಾನ್ಸಿಗೆ ಬಂದರು. 1876ರಲ್ಲಿ ಬೋರ್ಡೊ ಸೇರಿದರು.

ಆಗ ಅಲ್ಲಿನ ದ್ರಾಕ್ಷಿ ಬೆಳೆಗಾರರು ಕಂಗಾಲಾಗಿದ್ದರು. ಅಮೆರಿಕದಿಂದ ಬಂದ ಫಿಲೊಕ್ಸೆರಾ ಎಂಬ ಪುಟ್ಟ ಕೀಟ ಬಳ್ಳಿಗಳ ಬೇರು ಹೀರುತ್ತಿತ್ತು. ಅಮೆರಿಕದ ಬಳ್ಳಿಯ ಬೇರಿಗೆ ಅದನ್ನು ತಾಳುವ ಶಕ್ತಿಯಿದೆ. ಅದರ ಮೇಲೆ ಊರಿನ ಬಳ್ಳಿಯನ್ನು ಕಸಿ ಕಟ್ಟಿದರೆ ತೋಟ ಉಳಿಯುತ್ತದೆ ಎಂದವರಲ್ಲಿ ಮಿಯಾರ್ದೆಯೂ ಒಬ್ಬರು. ಉಪಾಯ ಫಲಿಸಿತು. ಆದರೆ ಅಮೆರಿಕದ ಬಳ್ಳಿಗಳೊಂದಿಗೆ ಇನ್ನೊಂದು ಮಾರಿ ಬಂದಿಳಿಯಿತು. 1878ರಲ್ಲಿ ಫ್ರಾನ್ಸಿನಲ್ಲಿ ಬೂಜುರೋಗ ಕಾಣಿಸಿಕೊಂಡಿತು. ಎಲೆಯ ಅಡಿಯಲ್ಲಿ ಬಿಳಿಯ ಬೂಜು ಕಟ್ಟಿ, ಹಣ್ಣು ಮಾಗುವ ಮೊದಲೇ ಎಲೆಯೆಲ್ಲ ಉದುರುತ್ತಿತ್ತು. ಒಂದು ರೋಗಕ್ಕೆ ತಾವು ಹೇಳಿದ ಚಿಕಿತ್ಸೆಯ ಬೆನ್ನಿಗೇ ಇನ್ನೊಂದು ರೋಗ ಬಂದಿತ್ತು.

1882ರ ಅಕ್ಟೋಬರಿನಲ್ಲಿ ಮಿಯಾರ್ದೆ ಸೇಂಟ್ ಜೂಲಿಯನ್ ಎಂಬ ಊರಿನ ತೋಟವೊಂದರಲ್ಲಿ ನಡೆದು ಹೋಗುತ್ತಿದ್ದರು. ಎಲ್ಲೆಡೆ ಬಳ್ಳಿಗಳು ಬೋಳಾಗಿದ್ದವು. ದಾರಿಯ ಪಕ್ಕದ ಸಾಲುಗಳಲ್ಲಿ ಮಾತ್ರ ಎಲೆ ಉಳಿದಿತ್ತು, ಮೇಲೆ ನೀಲಿಯ ಕಲೆ. ವಿಚಾರಿಸಿದಾಗ ತಿಳಿದದ್ದಿಷ್ಟು: ದಾರಿಹೋಕರು ಹಣ್ಣು ಕಿತ್ತು ತಿನ್ನುತ್ತಾರೆ, ವಿಷ ಬಳಿದಂತೆ ಕಂಡರೆ ಮುಟ್ಟುವುದಿಲ್ಲ, ಅದಕ್ಕಾಗಿ ಮೈಲುತುತ್ತು, ಸುಣ್ಣ ಕಲಸಿ ಚಿಮುಕಿಸುತ್ತೇವೆ. ಕಳ್ಳರನ್ನು ಹೆದರಿಸಲು ಅಲ್ಲಿನ ರೈತರು ಮೊದಲಿನಿಂದಲೂ ಮಾಡುತ್ತಿದ್ದ ಕೆಲಸವದು. ಆ ದಾರಿಯಲ್ಲಿ ಎಷ್ಟು ಮಂದಿ ಓಡಾಡಿರಲಿಕ್ಕಿಲ್ಲ!

ಮುಂದಿನ ಮೂರು ವರ್ಷ ಪರೀಕ್ಷೆಯಲ್ಲೇ ಕಳೆಯಿತು. ತೋಟದಲ್ಲಿ ಮೇಲ್ವಿಚಾರಕ ಅರ್ನೆಸ್ಟ್ ಡೇವಿಡ್, ಪ್ರಯೋಗಶಾಲೆಯಲ್ಲಿ ರಸಾಯನಶಾಸ್ತ್ರಜ್ಞ ಯುಲಿಸ್ ಗಯೋನ್ ಜತೆಗಿದ್ದರು. ಡೇವಿಡ್ ಅವರ ಹೆಸರು ಇಂದು ಹೆಚ್ಚು ಕೇಳಿಬರುವುದಿಲ್ಲ, ಕೇಳಿಬರಬೇಕಿತ್ತು. 1885ರಲ್ಲಿ ಮಿಯಾರ್ದೆ ಮದ್ದಿನ ಪಾಕವನ್ನು ಪ್ರಕಟಿಸಿದರು: 100 ಲೀಟರ್ ನೀರಿಗೆ 8 ಕಿಲೋ ಮೈಲುತುತ್ತು, ಬೇರೆಯಾಗಿ 30 ಲೀಟರ್ ನೀರಿಗೆ 15 ಕಿಲೋ ಸುಣ್ಣ, ಎರಡನ್ನೂ ಕೂಡಿಸುವುದು. ಆಗ ಪಂಪಿರಲಿಲ್ಲ, ಸಣ್ಣ ಪೊರಕೆಯಿಂದ ಚಿಮುಕಿಸುತ್ತಿದ್ದರು. ಅಷ್ಟು ಗಟ್ಟಿ ಬೇಕಾಗಿಲ್ಲವೆಂದು ಮತ್ತೆ ತಿಳಿಯಿತು. ನಾವು ಈಗ ಮಾಡುವ ಶೇಕಡಾ 1ರ ದ್ರಾವಣದಲ್ಲಿ 100 ಲೀಟರಿಗೆ ಎರಡೂ ಒಂದೊಂದು ಕಿಲೋ.

ಮೈಲುತುತ್ತು ಒಂದೇ ಆದರೆ ಎಲೆ ಸುಡುತ್ತದೆ. ಸುಣ್ಣ ಅದರ ಹುಳಿಯನ್ನು ಮುರಿದು ಎಲೆಗೆ ಅಂಟಿಸುತ್ತದೆ. ಮಳೆನೀರಿನಲ್ಲಿ ತಾಮ್ರ ಸ್ವಲ್ಪ ಸ್ವಲ್ಪವೇ ಬಿಟ್ಟು, ರೋಗದ ಬೀಜಾಣುಗಳು ಮೊಳೆಯದಂತೆ ಕೊಲ್ಲುತ್ತದೆ. ಒಳಹೊಕ್ಕ ರೋಗವನ್ನು ಇದು ಗುಣಪಡಿಸದು. ಮಳೆ ಹಿಡಿಯುವ ಮೊದಲೇ ಮದ್ದು ಬಿಡಬೇಕೆಂದು ಹಿರಿಯರು ಗಡಿಬಿಡಿ ಮಾಡುವುದು ಇದಕ್ಕೇ.

ಮಿಯಾರ್ದೆ 1902ರ ಡಿಸೆಂಬರಿನಲ್ಲಿ ಬೋರ್ಡೊದಲ್ಲೇ ತೀರಿಕೊಂಡರು. ಎಂಟು ವರ್ಷಗಳ ಬಳಿಕ, 1910ರಲ್ಲಿ, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬಗ್ಗೆ ಅಧ್ಯಯನ ಪ್ರಕಟಿಸಿ, ಅದಕ್ಕೂ ಈ ಮದ್ದನ್ನೇ ಸೂಚಿಸಿದರು. ದ್ರಾಕ್ಷಿಯ ಬೂಜುರೋಗದ ಜೀವಿ, ಅಡಿಕೆಯ ಕೊಳೆರೋಗದ ಜೀವಿ ಒಂದೇ ಬಳಗದವು. ಎರಡನ್ನೂ ಮೊದಲು ಶಿಲೀಂಧ್ರವೆಂದೇ ಎಣಿಸುತ್ತಿದ್ದರು. ಈಗ ನೀರಿನಲ್ಲಿ ಈಜುವ ಬೀಜಾಣುಗಳಿರುವ ಬೇರೆಯೇ ಗುಂಪಿಗೆ ಸೇರಿಸಿದ್ದಾರೆ. ಅದುವರೆಗೆ ಮಲೆನಾಡಿನವರು ಗೊನೆಗೊನೆಗೂ ಕರಡದ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು.