ನೆಲವನ್ನು ಪ್ರಶ್ನಿಸಿದ ಕಾರ್ಲ್ ಟರ್ಜಾಗಿ

ಕಟ್ಟಡವೊಂದು ಕುಸಿದಾಗ ಲೋಕವು ಗೋಡೆಯನ್ನು ನೋಡುತ್ತದೆ, ಗಾರೆಯನ್ನು ನೋಡುತ್ತದೆ, ಕಟ್ಟಿದವನ ಮುಖವನ್ನು ನೋಡುತ್ತದೆ. ಅಡಿಯ ನೆಲವನ್ನು ನೋಡುವವರು ವಿರಳ. ಆ ನೋಟವನ್ನೇ ಶಾಸ್ತ್ರವನ್ನಾಗಿ ಮಾಡಿದವರು ಕಾರ್ಲ್ ಟರ್ಜಾಗಿ. ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅವರನ್ನು ಸೂತ್ರಗಳ ಮೂಲಕ ಬಲ್ಲರು. ನನ್ನನ್ನು ಸೆಳೆದದ್ದು ಆ ಸೂತ್ರಗಳ ಹಿಂದಿದ್ದ ಒಂದು ನಿರಾಶೆ.

1883ರಲ್ಲಿ ಪ್ರಾಗ್ ನಗರದಲ್ಲಿ ಸೈನ್ಯಾಧಿಕಾರಿಯ ಮಗನಾಗಿ ಹುಟ್ಟಿದ ಅವರು ಗ್ರಾಟ್ಸ್‌ನಲ್ಲಿ ಯಂತ್ರಶಾಸ್ತ್ರ ಕಲಿತರು; ಮನಸ್ಸು ಮಾತ್ರ ಭೂವಿಜ್ಞಾನದ ಕಡೆಗಿತ್ತು. 1912ರಲ್ಲಿ ಅಮೆರಿಕೆಗೆ ಹೋಗಿ, ಅಣೆಕಟ್ಟುಗಳು ಏಳುತ್ತಿದ್ದ ಸ್ಥಳಗಳಲ್ಲಿ ಅಲೆದು, ನೆಲದ ವರ್ಣನೆಯನ್ನೂ ಕಟ್ಟಡದ ಗತಿಯನ್ನೂ ಕಲೆಹಾಕಿದರು. ಎರಡನ್ನೂ ಹೊಂದಿಸಿದರೆ ನಿಯಮವೊಂದು ಹೊರಬಿದ್ದೀತೆಂಬುದು ಅವರ ಆಸೆ. ಸುಮಾರು ಎರಡು ವರ್ಷ ದುಡಿದರೂ ನಿಯಮ ಹುಟ್ಟಲಿಲ್ಲ. ಜೇಡಿ, ಮರಳು ಎಂಬ ಹೆಸರುಗಳೇ ಅವರನ್ನು ವಂಚಿಸಿದ್ದವು. ಒಂದು ಜೇಡಿ ಭಾರ ಹೊತ್ತು ನಿಲ್ಲುತ್ತದೆ. ಅದೇ ಹೆಸರಿನ ಇನ್ನೊಂದು ವರ್ಷಗಟ್ಟಲೆ ಮೆಲ್ಲನೆ ತಗ್ಗುತ್ತದೆ. ಹೆಸರಿಟ್ಟ ಮಾತ್ರಕ್ಕೆ ಗುಣ ತಿಳಿದಂತಾಗುವುದೇ?

1916ರಲ್ಲಿ ಅವರು ಇಸ್ತಾನ್‌ಬುಲ್‌ಗೆ ಅಧ್ಯಾಪಕರಾಗಿ ಬಂದರು. ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ರಾಬರ್ಟ್ ಕಾಲೇಜಿನಲ್ಲಿ, ಕೈಗೆ ಸಿಕ್ಕ ಸಾಮಗ್ರಿಗಳಿಂದಲೇ ಉಪಕರಣ ಜೋಡಿಸಿ ಮಣ್ಣನ್ನು ಒತ್ತಿ ಅಳೆದರು. ನೀರು ತುಂಬಿದ ಜೇಡಿಯ ಮೇಲೆ ಭಾರ ಬಿದ್ದಾಗ ಮೊದಲು ಅದನ್ನು ಹೊರುವುದು ಕಣಗಳ ನಡುವಿನ ನೀರು. ನೀರು ನಿಧಾನವಾಗಿ ಹಿಂಡಿಹೋದಂತೆ ಭಾರವು ಕಣಗಳಿಗೆ ದಾಟುತ್ತದೆ, ನೆಲ ತಗ್ಗುತ್ತದೆ. ಎಷ್ಟು ತಗ್ಗೀತು, ಎಷ್ಟು ಕಾಲ ಹಿಡಿದೀತು ಎಂಬುದನ್ನು, ಆ ಸ್ಥಳದಿಂದ ಕೆಡದಂತೆ ತೆಗೆದ ಮಣ್ಣಿನ ತುಂಡೊಂದನ್ನು ಪರೀಕ್ಷಿಸಿ ಮೊದಲೇ ಅಂದಾಜು ಮಾಡಬಹುದು. ಇದನ್ನು ವಿವರಿಸುವ ಅವರ ಗ್ರಂಥವು 1925ರಲ್ಲಿ ವಿಯೆನ್ನಾದಿಂದ ಹೊರಬಂದಿತು.

ಕೀರ್ತಿಯೊಡನೆ ಕಹಿಯೂ ಬಂದಿತು. ವಿಯೆನ್ನಾದಲ್ಲಿ ಅವರ ಸಹೋದ್ಯೋಗಿಯಾಗಿದ್ದ ಪ್ರಾಧ್ಯಾಪಕ ಪೌಲ್ ಫಿಲುಂಗರ್ 1936ರಲ್ಲಿ ಈ ಶಾಸ್ತ್ರವನ್ನೇ ಹಳಿದು ಕಿರುಹೊತ್ತಗೆ ಅಚ್ಚುಹಾಕಿಸಿದರು. ವಿಚಾರಣೆ ನಡೆದು ಫಿಲುಂಗರರಿಗೆ ಪ್ರತಿಕೂಲವಾಗಿ ಸಾಗಿತು. 1937ರ ಮಾರ್ಚ್‌ನಲ್ಲಿ ಅವರೂ ಅವರ ಪತ್ನಿಯೂ ಆತ್ಮಹತ್ಯೆ ಮಾಡಿಕೊಂಡರು. ಟರ್ಜಾಗಿಯವರ ಪಕ್ಷ ಗೆದ್ದಿತೆಂದು ಸಂತೋಷಪಡಲು ನನ್ನಿಂದಾಗದು. ಅದರಲ್ಲೂ ಫಿಲುಂಗರರ ಗಣಿತದಲ್ಲಿ ಸತ್ತ್ವವಿತ್ತೆಂದು ಮುಂದಿನ ತಲೆಮಾರಿನ ವಿದ್ವಾಂಸರು ಒಪ್ಪಿರುವಾಗ!

ಬಳಿಕ ಅಮೆರಿಕದ ಹಾರ್ವರ್ಡ್ ಅವರ ನೆಲೆಯಾಯಿತು. ವಿಚಿತ್ರವೆಂದರೆ, ಲೆಕ್ಕವನ್ನು ತಂದವರೇ ಲೆಕ್ಕದ ಮೇಲಿನ ಕುರುಡು ನಂಬಿಕೆಯನ್ನು ಹೆಚ್ಚಾಗಿ ಶಂಕಿಸಿದರು. ಕೊರೆದ ರಂಧ್ರವು ತನ್ನ ಸುದ್ದಿಯನ್ನಷ್ಟೇ ಹೇಳುತ್ತದೆ. ಎರಡು ರಂಧ್ರಗಳ ನಡುವೆ ಇರುವುದು ಊಹೆ. ಕೈಬೆರಳಷ್ಟು ದಪ್ಪದ ಮೆತ್ತನೆಯ ಪದರವೊಂದು ತಪ್ಪಿಸಿಕೊಂಡರೆ ಇಡೀ ಏರಿಯೇ ಜಾರಬಹುದು. ಆದ್ದರಿಂದ ಕಟ್ಟುತ್ತಿರುವಾಗಲೂ ನೆಲವನ್ನು ಅಳೆಯುತ್ತಿರಬೇಕು, ಅದು ಬೇರೆ ಉತ್ತರ ಕೊಟ್ಟರೆ ನಕ್ಷೆಯನ್ನೇ ತಿದ್ದಬೇಕು ಎಂಬುದು ಅವರ ಹಟ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿನ ಮಿಷನ್ ಅಣೆಕಟ್ಟಿನಲ್ಲಿ, ಇಳಿವಯಸ್ಸಿನಲ್ಲಿಯೂ, ಅವರು ಹೀಗೆಯೇ ನಡೆದುಕೊಂಡರು. ಅಲ್ಲಿನ ನದೀತಳದಲ್ಲಿ ಒತ್ತಿದರೆ ಕುಗ್ಗುವ ಜೇಡಿಯ ಪದರವಿತ್ತು. ಅಣೆಕಟ್ಟು 1960ರಲ್ಲಿ ಮುಗಿಯಿತು. 1963ರ ಅಕ್ಟೋಬರ್‌ನಲ್ಲಿ ಟರ್ಜಾಗಿ ತೀರಿಕೊಂಡರು. 1965ರಲ್ಲಿ ಅದಕ್ಕೆ ಅವರ ಹೆಸರನ್ನು ಇಟ್ಟರು.