ಮದ್ದಳೆಯಿಂದ ಬಯಲಿಗೆ

ಮಳಗಿಯ ಧರ್ಮಾನದಿ ಮುಂದೆ ಹರಿದು ಸೇರುವುದು ವರದೆಯನ್ನು. ಅದೇ ವರದೆಯ ದಂಡೆಯ ಮೇಲಿದೆ ಬನವಾಸಿ. ಆ ನಾಡಿಗೇ ಸೇರಿದ ಬಳ್ಳಿಗಾವೆ, 12ನೆಯ ಶತಮಾನದ ಅಲ್ಲಮಪ್ರಭುವಿನ ಹುಟ್ಟೂರು. ಆ ಊರನ್ನು ಬಿಟ್ಟು ಆತನ ಸಾಧನೆಯನ್ನು ಅರಿಯಲಾಗದೆಂದು ನನ್ನ ಭಾವನೆ. 1065ರಲ್ಲಿ ಅಲ್ಲಿ ಬೌದ್ಧವಿಹಾರವೊಂದು ಎದ್ದಿತು. ತಾರಾಭಗವತಿಗೆ ಪೂಜೆ ಸಲ್ಲುತ್ತಿತ್ತು. ಕಾಳಾಮುಖರ ಕೋಡಿಯಮಠದಲ್ಲಿ ಪಾತಂಜಲ ಯೋಗ, ಲಾಕುಲ ಸಿದ್ಧಾಂತಗಳ ವ್ಯಾಖ್ಯಾನ ನಡೆಯುತ್ತಿದ್ದುದನ್ನು 1162ರ ಶಾಸನ ಹೇಳುತ್ತದೆ. ಧ್ಯಾನವನ್ನಾಗಲಿ ತಂತ್ರವನ್ನಾಗಲಿ ಕಲಿಯಬಯಸಿದವನಿಗೆ ಆ ಊರಿನಲ್ಲಿ ಗುರುಗಳ ಕೊರತೆಯಿರಲಿಲ್ಲ.

ಆದರೂ ಹರಿಹರನ ‘ಪ್ರಭುದೇವರ ರಗಳೆ’ಯ ಅಲ್ಲಮ ಯಾವ ಮಠದ ಬಾಗಿಲನ್ನೂ ತಟ್ಟುವುದಿಲ್ಲ. ಆತ ಮದ್ದಳೆಗಾರ. ಕಮಲತೆಯೆಂಬವಳಿಗೆ ಒಲಿದು ಮದುವೆಯಾದ. ಕೆಲವೇ ದಿನಗಳಲ್ಲಿ ಜ್ವರ ಅವಳನ್ನು ಕೊಂಡೊಯ್ದಿತು. ದುಃಖದಿಂದ ಅಲೆಯುತ್ತ ತೋಟವೊಂದರಲ್ಲಿ ಕುಳಿತು ಕಾಲ ಬೆರಳಿನಿಂದ ನೆಲವನ್ನು ಕೆದಕುತ್ತಿದ್ದಾಗ ಹೂತುಹೋದ ಗುಡಿಯ ಕಳಸ ಕಂಡಿತು. ಅಗೆಸಿ ಒಳಹೊಕ್ಕರೆ, ಅಂಗೈಯ ಲಿಂಗದಲ್ಲಿ ದೃಷ್ಟಿ ನೆಟ್ಟ ಅನಿಮಿಷ! ಲಿಂಗ ಅಲ್ಲಮನ ಕೈಗೆ ಬಂದೊಡನೆ ಅನಿಮಿಷನ ಪ್ರಾಣ ಹೋಯಿತು. ಒಂದು ಮಾತನ್ನೂ ಆಡದ ಗುರು. ದೀಕ್ಷೆಯ ಕ್ಷಣವೇ ಅಗಲಿಕೆಯ ಕ್ಷಣ.

15ನೆಯ ಶತಮಾನದ ಚಾಮರಸ ‘ಪ್ರಭುಲಿಂಗಲೀಲೆ’ಯಲ್ಲಿ ಈ ದುಃಖವನ್ನು ಅಳಿಸಿದ. ಅವನ ಅಲ್ಲಮ ಹುಟ್ಟಿನಿಂದಲೇ ನಿರ್ಮೋಹಿ. ಬನವಾಸಿಯ ಮಾಯೆ ಅವನನ್ನು ಹಿಡಿಯಲಾರಳು. ಭಕ್ತಿಗೆ ಇದು ಒಪ್ಪಬಹುದು. ನನ್ನ ಮನಸ್ಸು ಮಾತ್ರ ಹರಿಹರನ ಕಡೆಗೇ ವಾಲುತ್ತದೆ.

ಕಾರಣವನ್ನು ಚಾಮರಸನೇ ಹೇಳುವ ಗೋರಕ್ಷನ ಪ್ರಸಂಗ ಒದಗಿಸುತ್ತದೆ. ಸಿದ್ಧಮಾರ್ಗದ ಗೋರಕ್ಷ ಸಾಧನೆಯಿಂದ ದೇಹವನ್ನು ವಜ್ರವಾಗಿಸಿದ್ದ. ಅಲ್ಲಮ ಬೀಸಿದ ಖಡ್ಗ ಅವನಿಗೆ ತಾಗಿ ಖಣಿಲೆಂದಿತು, ಕೂದಲೂ ಕೊಂಕಲಿಲ್ಲ. ಗೋರಕ್ಷ ಬೀಸಿದ ಖಡ್ಗವಾದರೋ ಅಲ್ಲಮನ ಒಡಲಿನಲ್ಲಿ ಗಾಳಿಯನ್ನು ಸೀಳಿದಂತೆ ಸುಳಿದುಹೋಯಿತು. ಖಡ್ಗದ ಸದ್ದಿನಲ್ಲಿ ಗೋರಕ್ಷನಿಗೆ ಕೇಳಿಸಿದ್ದು ತನ್ನ ಸಿದ್ಧಿಯಲ್ಲೇ ಅಡಗಿದ್ದ ‘ನಾನು’.

ಇವು ಚರಿತ್ರೆಯ ದಾಖಲೆಗಳಲ್ಲ, ಎರಡು ಕಾವ್ಯಗಳ ಕಥನಗಳು. ಆದರೂ ಒಂದರ ಬೆಳಕಿನಲ್ಲಿ ಇನ್ನೊಂದನ್ನು ಓದಿದಾಗ ನನಗೆ ತೋರುವುದಿಷ್ಟು: ಒಲಿದ ದೇಹ ಕಣ್ಣೆದುರೇ ಅಳಿದುದನ್ನು ಕಂಡವನಿಗೆ ಅಳಿಯದ ದೇಹದ ಆಸೆ ಹುಟ್ಟಲಾರದು. ಯೋಗದಿಂದ ಬಲ ಬರುತ್ತದೆಂದು ಹೊರಡುವ ತರುಣರು ಎಲ್ಲ ಕಾಲದಲ್ಲೂ ಇದ್ದಾರೆ. ಕಲ್ಯಾಣದ ಶೂನ್ಯಸಿಂಹಾಸನವನ್ನೇರಿ, ಅದನ್ನೂ ಬಿಟ್ಟು ಶ್ರೀಶೈಲದ ಕದಳಿಯಲ್ಲಿ ಬಯಲಾದನೆಂಬ ಈ ಮದ್ದಳೆಗಾರನನ್ನು ಅವರು ಒಮ್ಮೆ ನೆನೆಯುವುದು ಒಳಿತು.