ಹಳೆಯ ರೀಲುಗಳ ಯಜಮಾನ

ಪ್ರದರ್ಶನ ಮುಗಿದ ಹಳೆಯ ಸಿನಿಮಾಕ್ಕೆ ಬೆಲೆಯಿಲ್ಲವೆಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ, ಮನೆಮಠ ಅಡವಿಟ್ಟು ಅಂಥ ಚಿತ್ರಗಳನ್ನೇ ಕೊಂಡ ನಟನೊಬ್ಬನಿದ್ದ. ಆತನೇ ಅಮೆರಿಕದ ವಿಲಿಯಂ ಬಾಯ್ಡ್. ಹಾಪಲಾಂಗ್ ಕ್ಯಾಸಿಡಿ ಎಂಬ ಕೌಬಾಯ್ ಪಾತ್ರದಿಂದ ಲೋಕಪ್ರಸಿದ್ಧನಾದವನು.

ಬಾಯ್ಡ್ ಹುಟ್ಟಿದ್ದು 1895ನೆಯ ಇಸವಿ ಜೂನ್ 5ರಂದು, ಒಹಾಯೋ ಪ್ರಾಂತದ ಬಡ ಕೂಲಿಕಾರನ ಮನೆಯಲ್ಲಿ. ಎಳೆಯ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಓದು ನಿಂತಿತು. ಕಿರಾಣಿ ಅಂಗಡಿಯಲ್ಲೂ ಎಣ್ಣೆಬಾವಿಗಳಲ್ಲೂ ದುಡಿದು, ಹೊಟ್ಟೆಪಾಡಿಗಾಗಿ ಹಾಲಿವುಡ್ ಸೇರಿದನು. ನಿರ್ದೇಶಕ ಸೆಸಿಲ್ ಬಿ. ಡಿಮಿಲ್ ಆತನನ್ನು ಮೆಚ್ಚಿದರು. 1926ರ ‘ದಿ ವೋಲ್ಗಾ ಬೋಟ್‌ಮನ್’ ಎಂಬ ಮೂಕಚಿತ್ರ ಆತನನ್ನು ನಾಯಕನಟರ ಸಾಲಿಗೇರಿಸಿತು.

ಅಷ್ಟರಲ್ಲಿ ವಿಧಿ ಬೇರೆ ಬಗೆಯಿತು. ಅದೇ ಹೆಸರಿನ ಇನ್ನೊಬ್ಬ ನಟ ಜೂಜು, ಮದ್ಯದ ಆರೋಪದ ಮೇಲೆ ಪೊಲೀಸರ ಕೈಗೆ ಸಿಕ್ಕಿದಾಗ, ಪತ್ರಿಕೆಗಳು ತಪ್ಪಾಗಿ ನಮ್ಮ ಬಾಯ್ಡ್‌ನ ಭಾವಚಿತ್ರವನ್ನು ಅಚ್ಚುಹಾಕಿದವು. ಹೆಸರಿನೊಡನೆ ಕೆಲಸವೂ ಹೋಯಿತು. ಕೆಲವು ವರ್ಷ ಕೇಳುವವರಿರಲಿಲ್ಲ.

1935ರಲ್ಲಿ ನಿರ್ಮಾಪಕ ಹ್ಯಾರಿ ಶೆರ್ಮನ್ ಆತನಿಗೆ ಪೋಷಕಪಾತ್ರವೊಂದನ್ನು ಕೊಡಲು ಬಂದರು. ಬಾಯ್ಡ್ ನಾಯಕನ ಪಾತ್ರವನ್ನೇ ಕೇಳಿ ಪಡೆದನು. ಕ್ಲಾರೆನ್ಸ್ ಮಲ್ಫರ್ಡ್ ಬರೆದ ಕಥೆಗಳಲ್ಲಿ ಕ್ಯಾಸಿಡಿ ಒರಟ, ಕುಂಟ. ಬಾಯ್ಡ್ ಅವನನ್ನು ಸಜ್ಜನನನ್ನಾಗಿ ಮಾಡಿದನು. ಬೆಳ್ಳಿಗೂದಲು, ಕಪ್ಪು ಉಡುಪು, ಟಾಪರ್ ಎಂಬ ಬಿಳಿಯ ಕುದುರೆ. ಕುಡಿತವಿಲ್ಲ, ಕೆಟ್ಟ ಮಾತಿಲ್ಲ. ಶೆರ್ಮನ್ 54 ಚಿತ್ರಗಳನ್ನು ತೆಗೆದು ಕೈಬಿಟ್ಟ ಮೇಲೆ, ಬಾಯ್ಡ್ ತಾನೇ ನಿರ್ಮಾಪಕನಾಗಿ ಇನ್ನು 12 ತೆಗೆದನು. 1948ರ ಹೊತ್ತಿಗೆ ಅದೂ ನಿಂತಿತು.

ಆತನ ನಿಜವಾದ ಸಾಹಸ ಮೊದಲಾದದ್ದು ಇಲ್ಲಿಯೇ. ಹಳೆಯ ಚಿತ್ರಗಳ ಹಕ್ಕಿಗೆ 3,50,000 ಡಾಲರ್ ಬೇಕಾಗಿತ್ತು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಉಳಿದವರು ವಸೂಲಾಗದ ಬಾಕಿಯೆಂದು ತಳ್ಳಿಹಾಕಿದ್ದ ಲೆಕ್ಕ ಅದು. ಬಾಯ್ಡ್‌ಗೆ ಆಗ ಐವತ್ತು ದಾಟಿತ್ತು. ಆದರೂ ಆಸ್ತಿಪಾಸ್ತಿಯ ಬಹುಪಾಲನ್ನು ಮಾರಿ, ಅಡವಿಟ್ಟು ಹಣ ಹೊಂದಿಸಿದನು. ಪತ್ನಿ ಗ್ರೇಸ್ ಬ್ರಾಡ್ಲಿ ಜೊತೆಗೆ ನಿಂತಳು.

ಟೆಲಿವಿಷನ್ ಆಗಿನ್ನೂ ತೊಟ್ಟಿಲ ಕೂಸು. ಹಾಲಿವುಡ್ಡಿನ ದೊಡ್ಡ ಕಂಪೆನಿಗಳು ಅದನ್ನು ಪ್ರತಿಸ್ಪರ್ಧಿಯೆಂದು ಬಗೆದು ತಮ್ಮ ಚಿತ್ರಗಳನ್ನು ಕೊಡುತ್ತಿರಲಿಲ್ಲ. ಪೂರ್ವತೀರದಿಂದ ಪಶ್ಚಿಮತೀರದವರೆಗೆ ಏಕಕಾಲಕ್ಕೆ ಪ್ರಸಾರಮಾಡುವ ಸಂಪರ್ಕ ಏರ್ಪಟ್ಟದ್ದೇ 1951ರಲ್ಲಿ. ಅಲ್ಲಿಯವರೆಗೆ ಎಷ್ಟೋ ಊರುಗಳ ನಿಲಯಗಳು ತೋರಿಸಲು ಏನೂ ಸಾಲದೆ ಕಾಯುತ್ತಿದ್ದವು. ಅಂಥ ನಿಲಯಗಳಿಗೆ ಫಿಲ್ಮ್ ರೀಲಿನ ಡಬ್ಬಿಯನ್ನು ಕಳಿಸಿದರೆ ಸಾಕು. ಒಂದೂರಿನಲ್ಲಿ ತೋರಿಸಿದ್ದನ್ನೇ ಇನ್ನೊಂದೂರಿನಲ್ಲೂ ತೋರಿಸಬಹುದು. ಒಂದೇ ಕಾರ್ಯಕ್ರಮವನ್ನು ಊರೂರಿನ ನಿಲಯಗಳಿಗೆ ಬೇರೆಬೇರೆಯಾಗಿ ಬಾಡಿಗೆಗೆ ಕೊಡುವ ಈ ವ್ಯವಹಾರಕ್ಕೆ ಸಿಂಡಿಕೇಷನ್ ಎಂದು ಹೆಸರು. ಪರಸ್ಥಳದಲ್ಲಿ ಸಂಸಾರ ಹೂಡಿರುವ ನಮಗೆ ಇದರ ಲಾಭವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆ ಮಾರಿದವನಿಗೆ ಹಣ ಒಂದೇ ಸಲ. ಬಾಡಿಗೆಗೆ ಕೊಟ್ಟವನಿಗೆ ತಿಂಗಳು ತಿಂಗಳೂ.

ಬಾಯ್ಡ್ ಹಳೆಯ ಚಿತ್ರವೊಂದನ್ನು ಲಾಸ್ ಏಂಜಲೀಸಿನ ಎನ್‌ಬಿಸಿ ನಿಲಯಕ್ಕೆ ಅಲ್ಪ ಬಾಡಿಗೆಗೆ ಕೊಟ್ಟನು. ನೋಡಿದವರು ಇನ್ನೂ ಬೇಕೆಂದರು. 1949ರ ಜೂನಿನಿಂದ ಅವು ಎನ್‌ಬಿಸಿಯ ಜಾಲದಲ್ಲೇ ಪ್ರಸಾರವಾದವು. 1950ರಲ್ಲಿ ಕ್ಯಾಸಿಡಿಯ ಚಿತ್ರವಿದ್ದ ಮಕ್ಕಳ ಊಟದ ಡಬ್ಬಿಗಳು ಲಕ್ಷಗಟ್ಟಲೆ ಮಾರಾಟವಾದವು. ಅದೇ ವರ್ಷ ಟೈಮ್ ಪತ್ರಿಕೆ ಆತನ ಚಿತ್ರವನ್ನು ಮುಖಪುಟದಲ್ಲಿ ಹಾಕಿತು. ಮುಂದೆ ಟೆಲಿವಿಷನ್ನಿಗೆಂದೇ ಅರ್ಧ ಗಂಟೆಯ ಹೊಸ ಚಿತ್ರಗಳೂ ಬಂದವು. ಹಳೆಯ ಚಿತ್ರವೂ ದುಡಿಯಬಲ್ಲದೆಂಬುದು ಹಾಲಿವುಡ್ಡಿಗೆ ಮನವರಿಕೆಯಾಯಿತು.

ಸಿರಿ ಬಂದಾಗ ಆತ ತನ್ನನ್ನು ಬೆಳೆಸಿದ ಮಕ್ಕಳನ್ನು ಮರೆಯಲಿಲ್ಲ. ಕೊನೆಗಾಲದಲ್ಲಿ ಕಾಯಿಲೆಯಿಂದ ಮೈ ಕುಗ್ಗಿದಾಗ, ಅವರ ಮನಸ್ಸಿನಲ್ಲಿದ್ದ ಬೆಳ್ಳಿಗೂದಲಿನ ವೀರನ ರೂಪ ಮಾಸಬಾರದೆಂದು ಭಾವಚಿತ್ರ ತೆಗೆಯಗೊಡಲಿಲ್ಲ. 1972ರ ಸೆಪ್ಟೆಂಬರ್ 12ರಂದು ಕ್ಯಾಲಿಫೋರ್ನಿಯಾದಲ್ಲಿ ಕಣ್ಮುಚ್ಚಿದನು. ತಪ್ಪಾಗಿ ಅಚ್ಚಾದ ಒಂದು ಭಾವಚಿತ್ರದಿಂದ ಹೆಸರು ಕಳೆದುಕೊಂಡವನು, ಗಳಿಸಿದ ಹೆಸರನ್ನು ಕೊನೆಯ ಉಸಿರಿನವರೆಗೂ ಕಾಪಾಡಿಕೊಂಡನು.